ಗೆಳೆಯನಿಗೊಂದು ಪತ್ರ: ಅಕ್ಕನ ಮಗನ ಕಂಪ್ಯೂಟರಿಗೆ ನೀರು ಬಿಡುವ ಮುನ್ನ

ಪ್ರೀತಿಯ ಗೆಳೆಯಾ,

ಮಂಡ್ಯದ ಅಕ್ಕನ ಮಗನಿಗೆ ವಾಟರ್ ಕೂಲಿಂಗ್ ಗೇಮಿಂಗ್ ಪಿಸಿ ಕಟ್ಟಿಕೊಡ್ತೀನಿ ಅಂತ ನೀನು ಕಳಿಸಿದ ಪಾರ್ಟ್ಸ್ ಪಟ್ಟಿ ನೋಡಿದೆ. ಪ್ರೊಸೆಸರ್ ರೈಜೆನ್ 7 9800ಎಕ್ಸ್‌3ಡಿ, ಆರ್‌ಟಿಎಕ್ಸ್ 5080 ಗ್ರಾಫಿಕ್ಸ್ ಕಾರ್ಡು, ಮೂರು ಫ್ಯಾನು ಕೂರುವ 360ರ ರೇಡಿಯೇಟರ್ ಎರಡು, ಡಿ5 ಪಂಪು, ಗಟ್ಟಿ ಪೈಪು, ಹಾಲಿನಂಥ ನೀಲಿ ಕೂಲೆಂಟು. ಎಲ್ಲ ಬರೆದು ಕೊನೆಗೆ "ಈ ನೀರನ್ನ ಯಾರು ಬದಲಾಯಿಸೋರು ಅಂತ ಅಕ್ಕ ಕೇಳ್ತಿದ್ಲು" ಅಂತ ಒಂದು ಸಾಲು, ಪಕ್ಕದಲ್ಲಿ ಒಂದು ನಗುವ ಮುಖ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲೇ. ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ಮೈಸೂರಲ್ಲಿ ತಮ್ಮನಿಗೆ, ಬೀಗರ ಮನೆಗೆ, ಆಫೀಸಿನವರಿಗೆ ಅಂತ ಇಂಥ ಮಷೀನು ಕಟ್ಟಿಕೊಡುವವರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಇಲ್ಲೇ ಹಾಕಿದ್ದೇನೆ. ನಮ್ಮಿಬ್ಬರ ನಡುವಿನ ಆ ನೀಲಿ ಬಕೆಟ್ಟಿನ ವಿಷಯ ಇಲ್ಲಿ ಎತ್ತಲ್ಲ, ಹೆದರಬೇಡ.

ಮೊದಲು ಶಾಖದ ಲೆಕ್ಕ. ಆ ಕಾರ್ಡು 360 ವ್ಯಾಟು. ಪ್ರೊಸೆಸರ್ ಮೇಲೆ 120 ಅಂತ ಬರೆದಿದ್ದರೂ ಪೂರ್ತಿ ದುಡಿಸಿದರೆ 162ರವರೆಗೆ ಎಳೆಯುತ್ತದೆ, ಗೇಮಿನಲ್ಲಿ ಅದಕ್ಕಿಂತ ತುಂಬ ಕಡಿಮೆ. ಎರಡೂ ಸೇರಿ ಜಾಸ್ತಿಯೆಂದರೆ 520ರ ಆಸುಪಾಸು. 30 ಮಿ.ಮೀ. ದಪ್ಪದ 360 ರೇಡಿಯೇಟರ್ ಎರಡಿದ್ದರೆ ಫ್ಯಾನು ಸದ್ದಿಲ್ಲದೆ ತಿರುಗುತ್ತವೆ. ಒಂದೇ ಹಾಕಿದರೂ ನಡೆಯುತ್ತದೆ, ಆದರೆ ಫ್ಯಾನು ಕಿರುಚುತ್ತವೆ. ಯಾವ ಬ್ಲಾಕಿಗೆ (ಚಿಪ್ಪಿನ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ತಾಮ್ರದ ತುಂಡು) ನೀರು ಮೊದಲು ಹೋಗಬೇಕು ಅಂತ ಕೇಳಿದ್ದೆಯಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರು ಒಂದು ಡಿಗ್ರಿ ಬಿಸಿಯಾಗಲು 70 ವ್ಯಾಟ್ ಬೇಕು. ಇಂಥ ಲೂಪಿನಲ್ಲಿ, ಅಂದರೆ ನೀರು ಸುತ್ತುವ ದಾರಿಯಲ್ಲಿ, ಡಿ5 ಮೂರು ನಾಲ್ಕು ಲೀಟರಾದರೂ ತಳ್ಳುತ್ತದೆ. ಅಂದರೆ ಕಾರ್ಡಿಗೆ ಹೋಗುವ ನೀರಿಗೂ ಬರುವ ನೀರಿಗೂ ಎರಡು ಡಿಗ್ರಿ ವ್ಯತ್ಯಾಸವಿದ್ದರೆ ಹೆಚ್ಚು. ಟ್ಯೂಬು ಎಲ್ಲಿ ಚಿಕ್ಕದಾಗುತ್ತದೋ ಆ ದಾರಿ ಹಿಡಿ. ನೀರು ತುಂಬುವ ಡಬ್ಬಿ, ರೆಸರ್ವಾಯರ್, ಮಾತ್ರ ಪಂಪಿಗೆ ಮೊದಲು, ಅದಕ್ಕಿಂತ ಮೇಲೆ ಇರಬೇಕು. ಡಿ5ರ ಒಳಗಿನ ಬೇರಿಂಗು ತಣ್ಣಗಿರುವುದೂ ಜಾರುವುದೂ ಆ ನೀರಿನಿಂದಲೇ. ಬೋರ್‌ವೆಲ್ ಮೋಟಾರಿನ ಹಾಗೆ ಇದೂ ಒಣಗಿ ಓಡಿದರೆ ಸುಟ್ಟುಕೊಳ್ಳುತ್ತದೆ.

ಹುಡುಗನಿಗೆ ಒಂದು ಮಾತು ಈಗಲೇ ಹೇಳಿಬಿಡು. ನೀರು ಕೋಣೆಗಿಂತ ತಣ್ಣಗೆ ಮಾಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ ಕೋಣೆ 35 ಡಿಗ್ರಿ ಇದ್ದರೆ ಲೂಪಿನ ನೀರು 45ರ ಹತ್ತಿರ ನಿಲ್ಲುತ್ತದೆ, ಅದು ಸರಿಯಾಗಿಯೇ ಇದೆ ಅಂತ ಅರ್ಥ. ಗೇಮಿನ ಫ್ರೇಮು (ಸೆಕೆಂಡಿಗೆ ಮೂಡುವ ಚಿತ್ರ) ಕೂಡ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಆ ಪ್ರೊಸೆಸರಿಗೆ ಒಳ್ಳೆಯ ಏರ್ ಕೂಲರ್ ಸಾಕು. ನೀರಿನಿಂದ ಸಿಗುವ ಲಾಭ ಎರಡು: ಕಾರ್ಡು ತಣ್ಣಗಿರುತ್ತದೆ, ಕೋಣೆ ನಿಶ್ಶಬ್ದವಾಗಿರುತ್ತದೆ. ನೀರಿನ ಭಾಗಕ್ಕೇ ಅರ್ಧ ಲಕ್ಷ ಸುಲಭವಾಗಿ ದಾಟುತ್ತದೆ, ಭಾವನವರು ಅದನ್ನು ತಿಳಿದೇ ದುಡ್ಡು ಕೊಡಲಿ.

ಈಗ ನಿನ್ನ ಪಟ್ಟಿಯಲ್ಲಿ ನಾನು ಹೊಡೆದು ಹಾಕುವ ಎರಡು ಸಾಲು. ಹಾಲಿನಂಥ ಕೂಲೆಂಟು ಬೇಡವೇ ಬೇಡ. ಆ ಬಣ್ಣ ನೀರಲ್ಲಿ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಬ್ಲಾಕಿನೊಳಗಿನ ತಾಮ್ರದ ಹಲ್ಲುಗಳ ನಡುವಿನ ಸಂದು ಅರ್ಧ ಮಿಲಿಮೀಟರೂ ಇಲ್ಲ. ಮಷೀನು ಕೆಲವು ವಾರ ಸುಮ್ಮನೆ ನಿಂತರೆ ಕಣ ಅಲ್ಲಿ ಕೂರುತ್ತದೆ, ಹರಿವು ಕುಗ್ಗುತ್ತದೆ, ಹುಡುಗನಿಗೆ ಕಾಣುವುದು ಕಾರ್ಡಿನ ಶಾಖ ತಿಂಗಳಿಂದ ತಿಂಗಳಿಗೆ ಏರುವುದಷ್ಟೇ. ಪಾರದರ್ಶಕ ಕೂಲೆಂಟು ತಗೋ, ತುಕ್ಕು ತಡೆಯುವ ಮತ್ತು ಪಾಚಿ ತಡೆಯುವ ಎರಡೂ ರಾಸಾಯನಿಕ ಸೇರಿಸಿದ್ದು. ಒಂದು ಲೀಟರ್ ಒಳಗೆ ಹೋಗುತ್ತದೆ, ಎರಡು ತರಿಸು. ಮನೆಯ ಆರ್‌ಒ ನೀರು ಹಾಕಬಾರದು. ಅದರಲ್ಲಿ ಲವಣ ಉಳಿದಿರುತ್ತದೆ, ಕೆಲವು ಮಷೀನುಗಳು ರುಚಿಗೆಂದು ಖನಿಜ ಮತ್ತೆ ಬೆರೆಸುತ್ತವೆ. ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ಬಿಟ್ಟರೂ ಪಾಚಿ ಬರುತ್ತದೆ. ರೇಡಿಯೇಟರಿನ ಲೋಹವನ್ನೂ ಕೇಳಿ ತಗೋ. ತಾಮ್ರ, ಹಿತ್ತಾಳೆ, ನಿಕಲ್ ಒಟ್ಟಿಗೆ ಬಾಳುತ್ತವೆ. ಅಗ್ಗಕ್ಕೆ ಸಿಕ್ಕಿತು ಅಂತ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಿದರೆ ತಾಮ್ರದ ಜೊತೆ ಸೇರಿ ಅದು ತಾನೇ ಸವೆದು, ಬಿಳಿ ರಾಡಿಯಾಗಿ ಬ್ಲಾಕಿಗೆ ಬಂದು ಸೇರುತ್ತದೆ.

ಎರಡನೆಯದು ಗಟ್ಟಿ ಪೈಪು. ಬಗ್ಗಿಸಲು ಹೀಟ್ ಗನ್ನು, ಒಳಗೆ ಸಿಲಿಕೋನ್ ಹುರಿ, ಕತ್ತರಿಸಿದ ತುದಿಗೆ ಅಂಚು ಉಜ್ಜುವ ಉಪಕರಣ ಬೇಕು. ಅಂಚು ಚೂಪಾಗಿ ಉಳಿದರೆ ಪೈಪು ಜೋಡಿಸುವ ಫಿಟಿಂಗಿನ ರಬ್ಬರ್ ಬಳೆಯನ್ನು, ಅಂದರೆ ಓ-ರಿಂಗನ್ನು, ಕೊಯ್ಯುತ್ತದೆ, ಸೋರಿಕೆ ತಿಂಗಳು ಬಿಟ್ಟು ಶುರುವಾಗುತ್ತದೆ. ನಿನ್ನ ಕೈ ಒಳ್ಳೆಯದು, ನೀನು ಮಾಡಬಲ್ಲೆ. ಆದರೆ ಮುಂದೊಂದು ದಿನ ಹುಡುಗ ರ‍್ಯಾಮ್ ಬದಲಿಸಬೇಕು ಅಂದಾಗ ಗಟ್ಟಿ ಪೈಪು ಅಡ್ಡ ಬಂದರೆ ಇಡೀ ಲೂಪು ಖಾಲಿ ಮಾಡಬೇಕು. ಇಪಿಡಿಎಂ ರಬ್ಬರ್ ಟ್ಯೂಬು ಹಾಕು. 10/16, ಅಂದರೆ ಒಳಗೆ 10 ಮಿ.ಮೀ., ಹೊರಗೆ 16. ಕಪ್ಪಗಿರುತ್ತದೆ, ಒಳಗಿನ ನೀರು ಕಾಣುವುದಿಲ್ಲ. ಆದರೆ ಪಾರದರ್ಶಕ ಮೆದು ಟ್ಯೂಬಿನ ಹಾಗೆ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕ್ ಮೆದುವಾಗಲು ಬೆರೆಸುವ ರಾಸಾಯನಿಕ) ಬಿಟ್ಟು ಬ್ಲಾಕಿನಲ್ಲಿ ಅಂಟು ಕಟ್ಟುವುದಿಲ್ಲ. ಫಿಟಿಂಗೂ 10/16ರದೇ ಇರಲಿ. 10/13ರದು ಬಂದರೆ ಅದರ ರಿಂಗು ಈ ಟ್ಯೂಬಿನ ಮೇಲೆ ಹತ್ತುವುದೇ ಇಲ್ಲ.

ಕಪ್ಪು ಟ್ಯೂಬು ಅಂದ ತಕ್ಷಣ ನಿನ್ನ ಮುಖ ಹೇಗಾಗುತ್ತದೆ ಅಂತ ಗೊತ್ತು ಕಣೋ. ನನಗೂ ನೋವೇ. ಗಾಜಿನ ಹಿಂದೆ ಬಣ್ಣದ ನೀರು ನೇರ ಗೆರೆಯಲ್ಲಿ ಹರಿಯುವುದು ನೋಡಲು ಎಷ್ಟು ಚೆಂದ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಕ್ಕ ಕೇಳಿದ ಮೇಲೆ ಯೋಚಿಸುತ್ತಿದ್ದೇನೆ: ಆ ಚೆಂದ ಯಾರಿಗೆ? ಕಟ್ಟುವಾಗ ನಮ್ಮ ಕಣ್ಣಿಗೆ, ಫೋಟೋ ಹಾಕಿದ ದಿನ ನೋಡಿದವರಿಗೆ. ಆಮೇಲಿನ ಐದು ವರ್ಷ ಅದು ಆ ಮನೆಯದು. ಇನ್ನೊಂದು ಮಾತು, ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ನಾವು ಕಟ್ಟಿದ್ದನ್ನು ನಮ್ಮನ್ನು ಬಿಟ್ಟು ಬೇರೆ ಯಾರೂ ಮುಟ್ಟಲಾರರು ಅನ್ನುವುದರಲ್ಲಿ ಒಂದು ಸುಖ ಇದೆ. "ಮಾಮ, ಏನೋ ಸದ್ದು ಬರ್ತಿದೆ, ಬರ್ತೀಯಾ?" ಅಂತ ಫೋನು ಬರಲಿ ಅಂತ ಒಳಗೊಳಗೇ ಕಾಯುವ ಸುಖ. ಬೇಕಾದವನಾಗಿ ಉಳಿಯಲು ಇನ್ನೊಬ್ಬರ ಮನೆಯಲ್ಲಿ ನಮ್ಮದೊಂದು ಬೀಗ ಹಾಕಿ ಬರುವುದು. ನಿನಗೂ ಹೀಗೆ ಅನ್ನಿಸುತ್ತದೋ ಇಲ್ಲವೋ ಕಾಣೆ. ನನಗೆ ಅನ್ನಿಸುತ್ತದೆ, ಅದು ನನಗೆ ಹಿಡಿಸುತ್ತಿಲ್ಲ.

ಸಾಕು. ಇದನ್ನು ನಿನ್ನ ಅಕ್ಕನೂ ಓದುತ್ತಾರೆ, ಕೆಲಸದ ಮಾತಿಗೆ ಬರ್ತೀನಿ.

ನೀರು ಮುಟ್ಟುವ ಮೊದಲು ಇಡೀ ಮಷೀನನ್ನು ಗಾಳಿಯಲ್ಲೇ ಓಡಿಸು. ಕಾರ್ಡು ತನ್ನದೇ ಫ್ಯಾನಿನಲ್ಲಿ, ಪ್ರೊಸೆಸರಿಗೆ ಒಂದು ಸಾಧಾರಣ ಏರ್ ಕೂಲರ್. ಮೆಮೊರಿ ಟೆಸ್ಟು ಒಂದು ರಾತ್ರಿ, ಗೇಮು ಎರಡು ಮೂರು ದಿನ. ಕಾರ್ಡಿನಲ್ಲಿ ದೋಷ ಇದ್ದರೆ ಈಗಲೇ ಗೊತ್ತಾಗಬೇಕು, ಬಿಚ್ಚಿದ ಮೇಲೆ ವಾರಂಟಿಯ ಮಾತು ಕಷ್ಟ. ಬ್ಲಾಕು ತರಿಸುವಾಗ 5080 ಅಂದರೆ ಸಾಲದು, ಯಾವ ಕಂಪನಿಯ ಯಾವ ಮಾದರಿ ಅಂತ ನೋಡು. ಬೋರ್ಡಿನ ವಿನ್ಯಾಸ ಒಂದೊಂದಕ್ಕೂ ಬೇರೆ. ಥರ್ಮಲ್ ಪ್ಯಾಡಿನ ದಪ್ಪ ಬ್ಲಾಕಿನ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಒಂದು ಮಿ.ಮೀ. ಇರಬೇಕಾದಲ್ಲಿ ಒಂದೂವರೆ ಹಾಕಿದರೆ ಮೆಮೊರಿ ಚಿಪ್ಪಿನ ಮೇಲೆ ಬ್ಲಾಕು ಕೂತುಬಿಡುತ್ತದೆ, ನಡುವಿನ ದೊಡ್ಡ ಚಿಪ್ಪಿಗೆ ತಾಗುವುದೇ ಇಲ್ಲ. ಸ್ಕ್ರೂ ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ. ಹಳೆಯ ಕೂಲರು, ಅದರ ಸ್ಕ್ರೂ ಎಲ್ಲ ಕಾರ್ಡಿನ ಡಬ್ಬಿಯಲ್ಲೇ ಇಟ್ಟು ಮೇಲೆ ಬರಿ. ಕಾರ್ಡಿನ ಪವರ್ ಕೇಬಲ್ಲು ಪೂರ್ತಿ ಒಳಗೆ ಕೂರಬೇಕು, ಕನೆಕ್ಟರಿನಿಂದ 35 ಮಿ.ಮೀ.ವರೆಗೆ ಬಗ್ಗಿಸಬಾರದು.

ಹೊಸ ರೇಡಿಯೇಟರಿನೊಳಗೆ ಬೆಸುಗೆಯ ಫ್ಲಕ್ಸು ಉಳಿದಿರುತ್ತದೆ. ಬಿಸಿ ಮಾಡಿದ ಡಿಸ್ಟಿಲ್ಡ್ ವಾಟರ್ ಅರ್ಧ ತುಂಬಿ, ಬಾಯಿ ಮುಚ್ಚಿ, ಜೋರಾಗಿ ಕುಲುಕಿ ಚೆಲ್ಲು. ಬಿಳಿ ಬಟ್ಟೆಯ ಮೇಲೆ ಸುರಿದಾಗ ಕಸ ಕಾಣದಿರುವವರೆಗೂ. ತೊಳೆಯುವುದಕ್ಕೆ ಬ್ಯಾಟರಿ ಅಂಗಡಿಯ ನೀರು ಸಾಕು, ಆಸಿಡ್ಡಿನ ಬಾಟಲಿ ಪಕ್ಕದಲ್ಲೇ ಇರುತ್ತದೆ, ಲೇಬಲ್ಲು ಓದಿ ತಗೋ.

ಜೋಡಿಸುವಾಗ ಫಿಟಿಂಗ್ ಕೈಬಿಗಿಯೇ ಸಾಕು. ಸೀಲು ಮಾಡುವುದು ಓ-ರಿಂಗು, ಪಾನಾ ಹಾಕಿ ತಿರುಗಿಸಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಆಮೇಲೆ ಗೇಜಿರುವ ಕೈಪಂಪಿನಿಂದ 0.5 ಬಾರ್ ಗಾಳಿ, ಅದಕ್ಕಿಂತ ಹೆಚ್ಚು ಬೇಡ. ಅರ್ಧ ಗಂಟೆ ಮುಳ್ಳು ನಿಂತಲ್ಲೇ ನಿಲ್ಲಬೇಕು. ಇಳಿದರೆ ಲೂಪನ್ನು ಎರಡು ಭಾಗ ಮಾಡಿ ಒಂದೊಂದನ್ನೇ ಪರೀಕ್ಷಿಸು.

ಇಷ್ಟನ್ನು ಮೈಸೂರಲ್ಲಿ ಮುಗಿಸು, ನೀರು ಮಾತ್ರ ಇಲ್ಲಿ ತುಂಬಬೇಡ. ಮಂಡ್ಯದವರೆಗೆ 45 ಕಿ.ಮೀ., ಊರೊಳಗಿನ ಹಂಪುಗಳು ಬೇರೆ. ಖಾಲಿ ಲೂಪು ಒಯ್ಯಿ. ತಾಮ್ರದ ಬ್ಲಾಕು ಹೊತ್ತ ಕಾರ್ಡಿನ ಭಾರಕ್ಕೆ ಸ್ಲಾಟು ಮುರಿಯಬಾರದಲ್ಲ, ಮದರ್‌ಬೋರ್ಡು ನೆಲಕ್ಕೆ ಸಮವಾಗಿರುವಂತೆ ಕ್ಯಾಬಿನೆಟ್ ಮಲಗಿಸು. ಅಲ್ಲಿ ನೀರು ತುಂಬುವ ಕೆಲಸ ಹುಡುಗನ ಕೈಯಲ್ಲೇ ಆಗಲಿ. ನೀನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರು, ಕೈ ಹಾಕಬೇಡ.

ಬೋರ್ಡಿನ 24 ಪಿನ್ನು, ಪ್ರೊಸೆಸರ್ ಪವರು, ಕಾರ್ಡಿನ ಪವರು ಮೂರೂ ಅವನೇ ಕಳಚಲಿ. 24 ಪಿನ್ನಿಗೆ ಜಂಪರ್ ಪ್ಲಗ್ಗು ಹಾಕಿದರೆ ಪವರ್ ಸಪ್ಲೈ ಪಂಪಿಗಷ್ಟೇ ಕರೆಂಟು ಕೊಡುತ್ತದೆ. ಫಿಟಿಂಗುಗಳ ಕೆಳಗೆ ಟಿಶ್ಯೂ. ರೆಸರ್ವಾಯರ್ ತುಂಬಿಸಿ, ಕೆಲವು ಸೆಕೆಂಡು ಪಂಪು, ಮಟ್ಟ ಇಳಿದ ಕೂಡಲೇ ಆಫ್, ಮತ್ತೆ ತುಂಬು. ಹೀಗೆ ಲೂಪು ತುಂಬಿದ ಮೇಲೆ ಕ್ಯಾಬಿನೆಟ್ಟನ್ನು ಹಿಂದೆ ಮುಂದೆ ವಾಲಿಸಿದರೆ ರೇಡಿಯೇಟರಿನೊಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಅನ್ನುತ್ತಾ ಹೊರಬರುತ್ತದೆ. ಒಂದು ದಿನ ಪಂಪು ಮಾತ್ರ ಓಡಲಿ, ಟಿಶ್ಯೂ ಒಣಗಿಯೇ ಇದ್ದರೆ ಉಳಿದ ಕೇಬಲ್ಲು. ಮೊದಲ ವಾರ ಮಟ್ಟ ಸ್ವಲ್ಪ ಇಳಿಯುತ್ತದೆ. ಸಣ್ಣ ಗುಳ್ಳೆ ಹೊರಬಂದಿದ್ದು ಅದು, ಸೋರಿಕೆಯಲ್ಲ ಅಂತ ಅಕ್ಕನಿಗೆ ಮೊದಲೇ ಹೇಳು. ಬಿಸಿಯಾದ ನೀರು ಹಿಗ್ಗುವುದಕ್ಕೆ ಮೇಲೆ ಒಂದಿಷ್ಟು ಜಾಗ ಖಾಲಿ ಇರಲಿ.

ಪಂಪಿನ ವೇಗ ಹೇಳುವ ತಂತಿಯನ್ನು ಬೋರ್ಡಿನ ಸಿಪಿಯು ಫ್ಯಾನ್ ಹೆಡರಿಗೇ (ಫ್ಯಾನು ಸಿಕ್ಕಿಸುವ ಪಿನ್ನು) ಕೊಡು, ಬೋರ್ಡಿನ ಸೆಟ್ಟಿಂಗು ಇರುವ ಬಯೋಸ್‌ನಲ್ಲಿ ಫ್ಯಾನ್ ಎಚ್ಚರಿಕೆ ಆನ್ ಮಾಡು. ಪಂಪು ತಿರುಗದಿದ್ದರೆ ಮಷೀನು ಶುರುವಿನಲ್ಲೇ ತಡೆದು ಹೇಳುತ್ತದೆ. ಫ್ಯಾನುಗಳನ್ನು ಪ್ರೊಸೆಸರಿನ ಶಾಖಕ್ಕೆ ಕಟ್ಟಬೇಡ, ಅದು ಕ್ಷಣಕ್ಕೊಂದು ಸಲ ಜಿಗಿಯುತ್ತದೆ. ಲೂಪಿಗೆ ಒಂದು ಸೆನ್ಸರು ಹಾಕಿ ನೀರಿನ ಶಾಖಕ್ಕೆ ಕಟ್ಟು: 40ರವರೆಗೆ ನಿಧಾನ, 45ಕ್ಕೆ ಮಧ್ಯಮ, 50ಕ್ಕೆ ಪೂರ್ತಿ. 55 ದಾಟಿದರೆ ಮಷೀನು ಆಫ್ ಮಾಡಲಿ. ಡಿ5ರ ಮಿತಿ 60.

ಅವರ ಮನೆ ಹತ್ತಿರ ಆಲೆಮನೆ ಇದೆಯಲ್ಲ. ಕಬ್ಬಿನ ಸಿಪ್ಪೆ ಉರಿದ ಬೂದಿ ಹಗುರ, ಫಿಲ್ಟರಿನಲ್ಲಿ ಬೇಗ ಕಟ್ಟುತ್ತದೆ. ಗಾಳಿ ಒಳಬರುವ ಕಡೆ ಕಳಚುವ ಫಿಲ್ಟರೇ ಇರಲಿ, ಹದಿನೈದು ದಿನಕ್ಕೊಮ್ಮೆ ಪೇಂಟ್ ಬ್ರಷ್ಷಿನಿಂದ ಒರೆಸಿದರೆ ಸಾಕು.

ನೀರು ಬದಲಿಸಲು ದಿನ ಗೊತ್ತುಮಾಡುವುದಾದರೆ ಆಯುಧಪೂಜೆ. ಅವತ್ತು ಆ ಮನೆಯಲ್ಲಿ ಬೈಕು, ಟ್ರ್ಯಾಕ್ಟರು ಎಲ್ಲ ತೊಳೆಯುವ ದಿನ, ಇದನ್ನು ಯಾರೂ ಮರೆಯುವುದಿಲ್ಲ. ಕೆಳಗಿನ ರೇಡಿಯೇಟರಿನ ಹೆಚ್ಚುವರಿ ಪೋರ್ಟಿಗೆ ಬಾಲ್ ವಾಲ್ವು ಹಾಕು. ಮಷೀನು ಆಫ್ ಮಾಡಿ, ವಾಲ್ವಿಗೊಂದು ಟ್ಯೂಬು ಸಿಕ್ಕಿಸಿ, ಮೇಲಿನ ಮುಚ್ಚಳ ತೆಗೆದು ವಾಲ್ವು ತಿರುಗಿಸಿದರೆ ನೀರು ತಾನಾಗಿ ಇಳಿಯುತ್ತದೆ. ಮುಚ್ಚಳ ತೆಗೆಯದಿದ್ದರೆ ಒಳಗೆ ಗಾಳಿ ಹೋಗದೆ ಅರ್ಧಕ್ಕೇ ನಿಲ್ಲುತ್ತದೆ. ಹೊಸ ಕೂಲೆಂಟು ತುಂಬಿ ಆಮೇಲೆ ಪೂಜೆ. ಕುಂಕುಮ ಪಕ್ಕದ ಗಾಜಿಗೆ ಹಚ್ಚಲಿ, ಹೂವು ಮೇಲಿನ ಜಾಲರಿಯ ಮೇಲೆ ಬೇಡ, ಊದುಬತ್ತಿ ಗಾಳಿ ಒಳಬರುವ ಕಡೆ ಬೇಡ.

ನಿನ್ನ ಪಟ್ಟಿಗೆ ಸೇರಿಸಿಕೋ: 10/16 ಫಿಟಿಂಗ್ ಹತ್ತು, ಮೇಲೆ ಎರಡು ಹೆಚ್ಚಿಗೆ, ತಿರುಗುವ 90 ಡಿಗ್ರಿ ನಾಲ್ಕು, ಬಾಲ್ ವಾಲ್ವು ಒಂದು, ಅದನ್ನು ರೇಡಿಯೇಟರಿಗೆ ಸೇರಿಸುವ ಎರಡೂ ತುದಿಯಲ್ಲಿ ಹೊರಥ್ರೆಡ್ಡು ಇರುವ ಅಡಾಪ್ಟರು ಒಂದು, ಸೆನ್ಸರು, ಜಂಪರ್ ಪ್ಲಗ್ಗು, ಟ್ಯೂಬು ಮೂರು ಮೀಟರ್. ಬ್ಲಾಕಿನ ಮಾದರಿ ಖಚಿತವಾದ ಮೇಲೆ ಆರ್ಡರ್ ಹಾಕು. ಗೇಜಿನ ಕೈಪಂಪು ನನ್ನ ಹತ್ತಿರ ಇದೆ, ಭಾನುವಾರ ಬಂದು ತಗೊಂಡು ಹೋಗು. ಬರುವಾಗ ಆ ಬಕೆಟ್ಟು ತರಬೇಡ.

ನಿನ್ನವನೇ