ಒಂದೆಕರೆ ಹದಿಮೂರು ಗುಂಟೆಯ ಅಡಿಕೆ ಲೆಕ್ಕ

ಮಾನ್ಯರೆ,

1974ರ ಭೂಸುಧಾರಣೆಯಲ್ಲಿ ಅಜ್ಜನಿಗೆ ದಕ್ಕಿದ ನಾಲ್ಕೆಕರೆಯನ್ನು ಹೋದ ತಿಂಗಳು ಅಳೆಸಿದೆವು. ಮೂವರು ಅಣ್ಣತಮ್ಮಂದಿರಿಗೆ ತಲಾ ಒಂದೆಕರೆ ಹದಿಮೂರು ಗುಂಟೆ. ಮಿಕ್ಕ ಒಂದು ಗುಂಟೆ ಬಾವಿ ದಾರಿಗೆ. ರಾಜ್ಯದ ಸರಾಸರಿ ಹಿಡುವಳಿ 2010–11ರಲ್ಲಿ 1.55 ಹೆಕ್ಟೇರ್ ಇದ್ದದ್ದು 2015–16ರ ಕೃಷಿ ಗಣತಿಯಲ್ಲಿ 1.36ಕ್ಕೆ ಇಳಿದಿತ್ತು. ನಮ್ಮದು ಅದರ ಅರ್ಧವೂ ಇಲ್ಲ.

‘ರಾಗಿ, ಜೋಳ ಬಿಡಿ, ಅಡಿಕೆ ಹಾಕಿ’ ಎನ್ನುವವರಿಗೇನು ಕಮ್ಮಿಯಿಲ್ಲ. ಆದರೆ ಅಡಿಕೆ ಫಸಲು ಕೈಗೆ ಬರಲು ಐದಾರು ವರ್ಷ ಬೇಕು. ಹತ್ತೆಕರೆಯವರು ಎರಡೆಕರೆಗೆ ಸಸಿ ಇಟ್ಟು, ಉಳಿದದ್ದರಲ್ಲಿ ಭತ್ತ, ಮೆಕ್ಕೆಜೋಳ ಬೆಳೆದು ಕಾಯುತ್ತಾರೆ. ನಾವು ಸಸಿ ನಡುವೆ ಬಾಳೆ ಹಾಕಿ, ಅದರ ದುಡ್ಡಲ್ಲೇ ಕೊಳವೆಬಾವಿ ಸಾಲದ ಬಡ್ಡಿ ಕಟ್ಟಬೇಕು. ಊಟದ ರಾಗಿ ಅಂಗಡಿಯಿಂದ ತರಬೇಕು. ಪಕ್ಕದ ತುಂಡು ಕೊಳ್ಳೋಣವೆಂದರೆ, ಕೃಷಿಕರಲ್ಲದವರೂ ಜಮೀನು ಕೊಳ್ಳಲು ಬಿಟ್ಟ 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯ ಮೇಲೆ ಪೇಟೆ ದುಡ್ಡಿನವರ ಜತೆ ಪೈಪೋಟಿ.

ಕಾನೂನಿನ ಮಾತು ದೊಡ್ಡದು, ಇರಲಿ. ಪೋಡಿಯನ್ನಾದರೂ, ಅಂದರೆ ಪಾಲಾದ ಜಮೀನನ್ನು ಸರ್ವೆ ದಾಖಲೆಯಲ್ಲಿ ಬೇರೆ ಬೇರೆ ಮಾಡುವ ಕೆಲಸವನ್ನಾದರೂ, ಸರ್ಕಾರ ಬೇಗ ಮುಗಿಸಿಕೊಡಲಿ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅವರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು.

– ಒಬ್ಬ ರೈತ, ಚನ್ನಗಿರಿ ತಾಲ್ಲೂಕು