ಟವರ್ ಲೊಕೇಶನ್ ನೋಡಿ ಕರೆಸುವ ಮುನ್ನ ಒಮ್ಮೆ ಜಾಗ ನೋಡಿ

ಸಂಪಾದಕರಿಗೆ ನಮಸ್ಕಾರ.

‘ಮೊಬೈಲ್ ಲೊಕೇಶನ್ ಆಧರಿಸಿ ಕಳ್ಳರ ಬಂಧನ’ ಎಂಬ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಓದಿ ಪೊಲೀಸರನ್ನು ಮೆಚ್ಚಿಕೊಂಡವರಲ್ಲಿ ನಾನೂ ಒಬ್ಬ. ಕಳೆದ ತಿಂಗಳು ಅದೇ ಲೊಕೇಶನ್ ನನ್ನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿತು.

ನಮ್ಮದು ಮುಂಡರಗಿ ತಾಲ್ಲೂಕು, ಕಪ್ಪತಗುಡ್ಡದ ಬುಡದ ಹಳ್ಳಿ. ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಪಡಸಾಲೆಯ ಕಿಟಕಿಗೆ ಮೊಳೆ ಹೊಡೆದು, ಕೈಚೀಲ ನೇತುಹಾಕಿ, ಅದರಲ್ಲಿ ಫೋನ್ ಇಟ್ಟಿರುತ್ತೇವೆ. ಅಲ್ಲಿ ರಿಂಗಾಗುತ್ತದೆ ಅಷ್ಟೇ. ಮಾತು ಕೇಳಬೇಕೆಂದರೆ ಹಿತ್ತಲಿನ ಆಚೆ ನಮ್ಮ ಉಳ್ಳಾಗಡ್ಡಿ ಹೊಲದ ದಿನ್ನೆ ಹತ್ತಬೇಕು. ಹುಬ್ಬಳ್ಳಿಯಲ್ಲಿರುವ ಮಗಳಿಗೆ ಹೆರಿಗೆ ನೋವು ಶುರುವಾದ ರಾತ್ರಿ ಮೂರು ಸಲ ಆ ದಿನ್ನೆ ಹತ್ತಿದ್ದೆ. ಅದೇ ರಾತ್ರಿ ಎಷ್ಟೋ ದೂರದ ಹೊಲಗಳಲ್ಲಿ ಪಂಪ್‌ಸೆಟ್ ಕೇಬಲ್ ಕಳವಾಗಿದ್ದವು.

ಠಾಣೆಯಲ್ಲಿ ಒಂದು ಪ್ರಿಂಟ್ ತೋರಿಸಿದರು. ಸಾಲು ಸಾಲು ನಂಬರು, ಸಮಯ, ಟವರ್ ಹೆಸರು. ನನ್ನ ನಂಬರಿನ ಮೇಲೆ ಮೂರು ಕಡೆ ಹಳದಿ ಗೆರೆ. “ಯಜಮಾನ್ರ, ಆ ಹೊತ್ತಿನಾಗ ನೀವು ಅಲ್ಲೇ ಇದ್ರಿ. ಟವರ್ ಸುಳ್ಳು ಹೇಳೂದಿಲ್ಲ” ಅಂದರು. ಪಕ್ಕದ ಕಾಲಂನಲ್ಲೇ ನನ್ನ ಮಗಳ ನಂಬರಿತ್ತು. ಅದಕ್ಕೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು, ಅಲ್ವಾ?

ಟವರ್ ಸುಳ್ಳು ಹೇಳಲಿಲ್ಲ. ಆದರೆ ಒಂದು ಟವರಿಗೆ ಸಾಮಾನ್ಯವಾಗಿ ಮೂರು ಮುಖ. ಒಂದೊಂದು ಮುಖ ಸುಮಾರು 120 ಡಿಗ್ರಿ ನೋಡುತ್ತದೆ. ಊರೊಳಗೆ ಟವರ್‌ಗಳು ಹತ್ತಿರ ಹತ್ತಿರ ಇರುತ್ತವೆ. ನಮ್ಮಂಥ ಬಯಲು ಸೀಮೆಯಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ಸಂಭಾಳಿಸುತ್ತದೆ. ಎತ್ತರದಲ್ಲಿ ನಿಂತರೆ ಫೋನ್ ಹತ್ತಿರದ್ದನ್ನು ಬಿಟ್ಟು ದೂರದ ಟವರ್ ಹಿಡಿಯುವುದೂ ಉಂಟು. ಆ ಹೊತ್ತಿಗೆ ಆ ಟವರ್ ಹಿಡಿದ ಎಲ್ಲರ ನಂಬರನ್ನೂ ಕಂಪನಿಯಿಂದ ತರಿಸಿಕೊಂಡಾಗ ಕಳ್ಳನ ಜೊತೆ ಇಡೀ ಸುತ್ತಲಿನ ಹಳ್ಳಿಗಳೂ ಅದರಲ್ಲಿ ಬರುತ್ತವೆ.

ಯಾರೂ ಬೈಯಲಿಲ್ಲ, ಚಹಾನೂ ಕೊಟ್ಟರು. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೂರಿಸಿದರು. ಲಿಖಿತ ನೋಟಿಸ್ ಇರಲಿಲ್ಲ, ಸುಮ್ನೆ ಫೋನ್ ಮಾಡಿ ಬಾ ಅಂದಿದ್ದರು. ಫೋನನ್ನು ಎರಡು ದಿನ ಇಟ್ಟುಕೊಂಡರು, ರಸೀದಿ ಕೊಡಲಿಲ್ಲ. ನನಗೆ 63 ವರ್ಷ. ಗದಗಿನಲ್ಲಿ ವಕೀಲನಾಗಿರುವ ಅಕ್ಕನ ಮಗ ಆಮೇಲೆ ತಿಳಿಸಿದ: ಪೊಲೀಸ್ ತನಿಖೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ಸಾಕ್ಷಿಯನ್ನು ಲಿಖಿತ ಆದೇಶ ಕೊಟ್ಟೇ ಕರೆಸಬೇಕು. 60 ದಾಟಿದವರನ್ನು ಅವರಾಗಿ ಒಪ್ಪದ ಹೊರತು ಮನೆಯಲ್ಲೇ ವಿಚಾರಿಸಬೇಕು. ಇದು ಜಾರಿಗೆ ಬಂದಿದ್ದು 2024ರ ಜುಲೈ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಜಾಮೀನು ಪಡೆದವನು ತನ್ನ ಗೂಗಲ್ ಮ್ಯಾಪ್ ಲೊಕೇಶನ್ ಅನ್ನು ಪೊಲೀಸರಿಗೆ ಕಾಣುವಂತೆ ಇಡಬೇಕೆಂದು ಷರತ್ತು ಹಾಕುವಂತಿಲ್ಲ ಎಂದಿತು. ಆರೋಪಿಗೇ ಅಷ್ಟು ಮರ್ಯಾದೆ ಇರುವಾಗ ಹೊಲದಲ್ಲಿ ನಿಂತು ಮಗಳ ಸುದ್ದಿ ಕೇಳಿದವನಿಗೆ ಇರಬೇಡವೇ?

ಲೊಕೇಶನ್ ನೋಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಕೇಬಲ್ ಕಳೆದುಕೊಂಡವರೂ ನಮ್ಮಂಥ ರೈತರೇ. ಬೆಳೆ ಒಣಗುವಾಗ ಆಗುವ ಸಂಕಟ ನನಗೆ ಗೊತ್ತು. ಪಟ್ಟಿಯಲ್ಲಿ ನಂಬರು ಸಿಕ್ಕಿದ ಕೂಡಲೇ ಕರೆಸುವ ಬದಲು, ಅವನ ಮನೆ ಎಲ್ಲಿದೆ, ಅಲ್ಲಿ ಯಾವ ಟವರ್ ಸಿಗುತ್ತದೆ, ಅವನು ಮಾತಾಡಿದ್ದು ಯಾರ ಜೊತೆ ಎಂದು ಮೊದಲು ನೋಡಿ. ಠಾಣೆಗೆ ಹೋಗಿ ಬಂದ ಮೇಲೆ ಊರವರು ಇಂದಿಗೂ “ಆ ಕೇಸ್ ಏನಾತು?” ಎಂದು ಕೇಳುತ್ತಾರೆ. ಮೊಮ್ಮಗಳು ಹುಟ್ಟಿದ ಸುದ್ದಿ ಹೇಳುವುದಕ್ಕಿಂತ ಇದಕ್ಕೆ ಉತ್ತರ ಕೊಡುವುದೇ ಜಾಸ್ತಿಯಾಗಿದೆ.

ದಿನ್ನೆ ನಮ್ಮ ಹೊಲದಲ್ಲೇ ಇದೆ. ಯಾವ ಸಾಹೇಬರು ಫೋನ್ ಹಿಡಿದುಕೊಂಡು ಬಂದರೂ ನಾನೇ ಹತ್ತಿಸಿ ತೋರಿಸುತ್ತೇನೆ.

– ಒಬ್ಬ ಉಳ್ಳಾಗಡ್ಡಿ ಬೆಳೆಗಾರ, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ