ಮಗಳಿಗೊಂದು ಪತ್ರ: ನಿನ್ನ ಹಾಲಿನಲ್ಲಿ ದೋಷ ಇಲ್ಲ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ "ಅಮ್ಮ, ನನ್ನ ಹಾಲು ಅವಳಿಗೆ ಆಗ್ತಾ ಇಲ್ಲ ಅನ್ಸುತ್ತೆ" ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಕೂಸು ಅಳೋಕೆ ಶುರು ಮಾಡಿತು, ನೀನು ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗಬಹುದು. ಮಧ್ಯರಾತ್ರಿ ಹಾಲು ಕುಡಿಸುವಾಗ ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಓದು.

ಮೂರು ತಿಂಗಳು ನಿನ್ನ ಬಾಣಂತನ ಮಾಡಬೇಕು ಅಂತ ಎಷ್ಟು ಆಸೆಯಿಂದ ಬೆಂಗಳೂರಿಗೆ ಬಂದಿದ್ದೆ. ನಿಮ್ಮಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಕ್ಕೆ ಹದಿನೈದೇ ದಿನಕ್ಕೆ ಅರಸೀಕೆರೆಗೆ ವಾಪಸ್ ಬರಬೇಕಾಯಿತು. ನಾನು ಹೊರಟ ಮೇಲೇ ಅವಳ ಅಳು ಜಾಸ್ತಿ ಆಯ್ತು ಅಂತ ನೀನು ಹೇಳಿದಾಗ ಹೊಟ್ಟೆ ಚುರುಕ್ ಅಂತು. ಆದರೆ ಪುಟ್ಟಿ, ನಾನು ಹೊರಟಿದ್ದಕ್ಕೂ ಅವಳ ಅಳುವಿಗೂ ಸಂಬಂಧ ಇಲ್ಲ. ನಿನ್ನ ಹಾಲಿಗೂ ಇಲ್ಲ. ಇದನ್ನು ನಾನು ಬಾಯಿಮಾತಿಗೆ ಹೇಳ್ತಾ ಇಲ್ಲ. ನಿನ್ನ ವಿಷಯದಲ್ಲಿ ನಾನು ಇದೇ ತಪ್ಪು ಮಾಡಿದೆ. ಅದನ್ನು ಇವತ್ತಿನವರೆಗೂ ನಿನಗೆ ಪೂರ್ತಿ ಹೇಳಿಲ್ಲ.

ನೀನು ಹುಟ್ಟಿದ್ದು 1994ರ ಆಷಾಢದಲ್ಲಿ. ನನಗೆ ತವರಿನಲ್ಲಿ ಬಾಣಂತನ ಮಾಡುವವರು ಇರಲಿಲ್ಲ, ಎಲ್ಲ ನಿಮ್ಮಜ್ಜಿಯೇ ಮಾಡಿದರು. ಎರಡು ವಾರ ನೀನು ಕುಡಿದು ಮಲಗುವುದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಮೂರನೇ ವಾರ, ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಶುರುವಾಯಿತು. ಮುಖ ಕೆಂಪು, ಮುಷ್ಟಿ ಬಿಗಿ, ಎರಡೂ ಮಂಡಿಯನ್ನು ಹೊಟ್ಟೆಗೆ ಎಳೆದುಕೊಂಡು ಉಸಿರು ಕಟ್ಟುವ ಹಾಗೆ ಅಳುತ್ತಿದ್ದೆ. ಹೊಟ್ಟೆ ಮುಟ್ಟಿದರೆ ತಮಟೆ ಥರ ಗಟ್ಟಿ. ಹೊರಗೆ ಜಿಟಿಜಿಟಿ ಮಳೆ, ಕರೆಂಟ್ ಇಲ್ಲ, ಲಾಟೀನು ಬೆಳಕಿನಲ್ಲಿ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದೆ. ಹತ್ತು ಗಂಟೆಗೆ ನೀನು ನಿಲ್ಲಿಸುತ್ತಿದ್ದೆ. ಆಮೇಲೆ ನಾನು ಅಳುತ್ತಿದ್ದೆ.

ಒಂದು ದಿನ ಪಕ್ಕದ ಮನೆಯವರು ನೋಡೋಕೆ ಬಂದವರು, ಸ್ಟೀಲ್ ಬಟ್ಟಲಿಗೆ ನಾಲ್ಕು ಹನಿ ಹಾಲು ಹಿಂಡು ಅಂದರು. ಹಿಂಡಿದೆ. ಬಟ್ಟಲನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. ಹಾಲು ತೆಳ್ಳಗೆ, ನೀಲಿ ನೀಲಿಯಾಗಿ ಬಟ್ಟಲ ತಳದಲ್ಲಿ ಹರಿಯಿತು. "ನೀರು ಇದು. ಇದರಲ್ಲಿ ಮಗುವಿಗೆ ಏನಿದೆ?" ಅಂದರು. ಆ ಮಾತು ನನ್ನೊಳಗೆ ಇಳಿದುಬಿಟ್ಟಿತು. ಮೊದಲು ಬರುವ ಹಾಲು ತೆಳ್ಳಗೇ ಇರುತ್ತದೆ, ಕುಡಿಯುತ್ತಾ ಕುಡಿಯುತ್ತಾ ಕೊಬ್ಬು ಜಾಸ್ತಿಯಾಗಿ ಗಟ್ಟಿ ಆಗುತ್ತದೆ ಅಂತ ನನಗೆ ಆಗ ಹೇಳುವವರು ಯಾರೂ ಇರಲಿಲ್ಲ. ನಲವತ್ತನೇ ದಿನಕ್ಕೆ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಹಾಲು ನಿಲ್ಲಿಸಿದೆ. ನಿಮ್ಮಪ್ಪ ಹಾಸನದಿಂದ ಡಬ್ಬಿ ತಂದರು. ಎದೆ ಕಲ್ಲಾಗಿ, ಜ್ವರ ಬಂದು, ರವಿಕೆ ನೆನೆಯುತ್ತಿತ್ತು, ನಾನು ಆ ಪುಡಿಯನ್ನು ಚಮಚದಲ್ಲಿ ಅಳೆದು ಬಿಸಿನೀರಿಗೆ ಕಲಸುತ್ತಿದ್ದೆ.

ಈಗ ಮುಖ್ಯವಾದ ಮಾತು ಕೇಳು. ಡಬ್ಬಿ ಹಾಲು ಕುಡಿದ ಮೇಲೂ ನೀನು ಸಂಜೆ ಆರೂವರೆಗೆ ಸರಿಯಾಗಿ ಅಳುತ್ತಿದ್ದೆ. ಅದೇ ಮಂಡಿ, ಅದೇ ಮುಷ್ಟಿ. ಜೊತೆಗೆ ಮಲಬದ್ಧತೆ ಬೇರೆ ಶುರುವಾಯಿತು. ಮೂರೂವರೆ ತಿಂಗಳಿಗೆ, ನಾವು ಏನೂ ಮಾಡದೆ, ಒಂದು ವಾರದಲ್ಲಿ ಎಲ್ಲ ನಿಂತುಹೋಯಿತು. ಅಂದರೆ ನನ್ನ ಹಾಲಿನಲ್ಲಿ ದೋಷ ಏನೂ ಇರಲಿಲ್ಲ.

ಇದು ನನಗೆ ಅರ್ಥ ಆಗಿದ್ದು 1999ರಲ್ಲಿ ಅಂಗನವಾಡಿ ಕೆಲಸಕ್ಕೆ ಸೇರಿದ ಮೇಲೆ. ಬೇರೆಯವರ ಮಕ್ಕಳನ್ನು ಜೋಲಿಯಲ್ಲಿ ಹಾಕಿ ತೂಕ ನೋಡುತ್ತಾ, ತರಬೇತಿಯಲ್ಲಿ ಕೂತು ಕೇಳುತ್ತಾ ನಿನ್ನ ಕಥೆ ತಿಳಿಯಿತು. ಮಕ್ಕಳ ಅಳು ಎರಡು ಮೂರನೇ ವಾರದಿಂದ ಏರುತ್ತಾ ಹೋಗುತ್ತದೆ, ಆರನೇ ವಾರದ ಹೊತ್ತಿಗೆ ತುಂಬಾ ಜಾಸ್ತಿ ಇರುತ್ತದೆ, ಆಮೇಲೆ ಇಳಿದು ಮೂರು ನಾಲ್ಕು ತಿಂಗಳಿಗೆ ತಾನಾಗಿ ಕಮ್ಮಿ ಆಗುತ್ತದೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು ಹೀಗೆ ಅತ್ತರೆ ಡಾಕ್ಟರುಗಳು ಅದಕ್ಕೆ ಕೋಲಿಕ್ ಅನ್ನುತ್ತಾರೆ. ಯಾಕೆ ಬರುತ್ತದೆ ಅಂತ ಅವರಿಗೂ ಖಚಿತವಾಗಿ ಗೊತ್ತಿಲ್ಲ. ಎದೆಹಾಲು ಕುಡಿಯುವ ಮಕ್ಕಳಿಗೂ ಬರುತ್ತದೆ, ಡಬ್ಬಿ ಹಾಲು ಕುಡಿಯುವವರಿಗೂ ಬರುತ್ತದೆ. ನಿನ್ನ ಕೂಸಿಗೆ ಇವತ್ತಿಗೆ ಇಪ್ಪತ್ತಾರು ದಿನ. ಇನ್ನೂ ಎರಡು ಮೂರು ವಾರ ಅಳು ಜಾಸ್ತಿಯೇ ಆಗಬಹುದು. ಸುಳ್ಳು ಸಮಾಧಾನ ನಾನು ಹೇಳಲ್ಲ.

ಹಾಲು ಸಾಲುತ್ತಿದೆಯೋ ಇಲ್ಲವೋ ಅಂತ ಅಳು ನೋಡಿ ಹೇಳೋಕೆ ಆಗಲ್ಲ. ತಾಯಿ ಕಾರ್ಡ್ ತೆಗೆದು ನೋಡು. ಹುಟ್ಟಿದಾಗ 2.9 ಕೆಜಿ. ಮೂರನೇ ದಿನ 2.7ಕ್ಕೆ ಇಳಿದಾಗ ನೀನು ಹೆದರಿದ್ದೆ, ನೆನಪಿದೆಯಾ? ಹೆಚ್ಚುಕಮ್ಮಿ ಎಲ್ಲ ಮಕ್ಕಳೂ ಮೊದಲು ಸ್ವಲ್ಪ ಇಳಿಯುತ್ತಾರೆ. ಹನ್ನೆರಡನೇ ದಿನಕ್ಕೆ ಮತ್ತೆ 2.9 ಬಂತು. ಮೊನ್ನೆ 3.3. ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು ಅನ್ನುತ್ತೇವೆ, ಅವಳು ಅದಕ್ಕಿಂತ ಕಮ್ಮಿಯೇನೂ ಏರಿಲ್ಲ. ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಮಾಡುತ್ತಿದ್ದಾಳೆ ಅಂತ ನೀನೇ ಹೇಳಿದೆ. ಆ ನಾನೂರು ಗ್ರಾಂ ಎಲ್ಲಿಂದ ಬಂತು? ನಿನ್ನಿಂದಲೇ ಅಲ್ವಾ? ತೂಕ ಏರದೇ ಇದ್ದಿದ್ದರೆ ಡಾಕ್ಟರನ್ನು ಕೇಳಿ ಡಬ್ಬಿ ಹಾಲು ಕೊಡು ಅಂತ ನಾನೇ ಹೇಳುತ್ತಿದ್ದೆ. ಅದೇನೂ ವಿಷ ಅಲ್ಲ, ನೀನು ಅದನ್ನು ಕುಡಿದೇ ಬೆಳೆದಿದ್ದು. ಆದರೆ ಬೇಕಿಲ್ಲದೆ ಶುರು ಮಾಡಿದರೆ ಕೂಸು ಎದೆ ಎಳೆಯುವುದು ಕಮ್ಮಿಯಾಗುತ್ತದೆ, ಎಳೆಯುವುದು ಕಮ್ಮಿಯಾದರೆ ಹಾಲೂ ಕಮ್ಮಿಯಾಗುತ್ತದೆ. ನಾನಂತೂ ಪೂರ್ತಿ ನಿಲ್ಲಿಸಿಯೇ ಬಿಟ್ಟಿದ್ದೆ. ತಾಯಿ ಹಾಲೇ ಮಗುವಿಗೆ ಒಳ್ಳೆಯದು ಅಂತ ಡಬ್ಬಿಯ ಮೇಲೆ ಬರೆಯಲೇಬೇಕು ಅಂತ 1992ರಲ್ಲೇ ಕಾಯ್ದೆ ಬಂದಿತ್ತು. ನನಗೆ ಅದೂ ಗೊತ್ತಿರಲಿಲ್ಲ.

ಸಂಜೆ ಹೊತ್ತು ಬಿಟ್ಟೂ ಬಿಡದೆ ಕುಡಿಯುತ್ತಾಳೆ ಅಂದೆ. ಎಷ್ಟೋ ಮಕ್ಕಳು ಹಾಗೆ ಮಾಡುತ್ತಾರೆ. ಗಡಿಯಾರ ನೋಡಬೇಡ. ದಿನಕ್ಕೆ ಎಂಟು ಹತ್ತು ಸಲ, ಹನ್ನೆರಡು ಸಲ ಆದರೂ ಸರಿ, ಕೊಡು. ಅತ್ತ ಮೇಲೆ ಕೊಡೋಣ ಅಂತ ಕಾಯಬೇಡ, ಅಳು ಬರುವ ಹೊತ್ತಿಗೆ ಹಸಿವು ಮೀರಿರುತ್ತದೆ, ಗಾಬರಿಯಲ್ಲಿ ಹಾಲಿನ ಜೊತೆ ಗಾಳಿಯನ್ನೂ ನುಂಗುತ್ತಾಳೆ. ತಲೆ ಆಕಡೆ ಈಕಡೆ ತಿರುಗಿಸುವುದು, ಕೈ ಚೀಪುವುದು, ತುಟಿ ಚಪ್ಪರಿಸುವುದು ಕಂಡರೆ ಆಗಲೇ ಎತ್ತಿಕೋ.

ಹಿಡಿಸುವುದು ಹೇಗೆ ಅಂತ ನಾನು ಅಲ್ಲಿದ್ದಾಗ ತೋರಿಸಿದ್ದೆ, ಆದರೂ ಮತ್ತೆ ಹೇಳುತ್ತೇನೆ, ಯಾಕೆಂದರೆ ಮೊನ್ನೆ ವಿಡಿಯೋ ಕಾಲ್‌ನಲ್ಲಿ ಚಪ್ ಚಪ್ ಅಂತ ಶಬ್ದ ಕೇಳಿಸಿತು. ಬರೀ ತೊಟ್ಟು ಬಾಯಲ್ಲಿದ್ದರೆ ಹಾಗಾಗುತ್ತದೆ. ನಿನಗೂ ನೋವು, ಅವಳಿಗೂ ಗಾಳಿ. ಅವಳ ಹೊಟ್ಟೆ ನಿನ್ನ ಹೊಟ್ಟೆಗೆ ಅಂಟುವ ಹಾಗೆ ಪಕ್ಕಕ್ಕೆ ತಿರುಗಿಸಿಕೋ, ಕತ್ತು ಮಾತ್ರ ತಿರುಗಿಸಬೇಡ. ತೊಟ್ಟಿನಿಂದ ಮೇಲ್ತುಟಿ ಸವರು. ಆಕಳಿಸಿದ ಹಾಗೆ ಬಾಯಿ ದೊಡ್ಡದಾಗಿ ತೆಗೆಯುವವರೆಗೆ ಕಾಯಿ, ತೆಗೆದ ತಕ್ಷಣ ಅವಳನ್ನು ಎದೆಗೆ ತಾ, ಎದೆಯನ್ನು ಅವಳ ಹತ್ತಿರ ಬಗ್ಗಿಸಬೇಡ. ಕಪ್ಪು ಭಾಗ ಬಾಯಿ ತುಂಬ ಇರಬೇಕು, ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು. ಸರಿಯಾಗಿ ಹಿಡಿದಾಗ ಚಪ್ ಚಪ್ ಇರಲ್ಲ, ಗುಟುಕ್ ಗುಟುಕ್ ಅಂತ ನುಂಗುವುದಷ್ಟೇ ಕೇಳಿಸುತ್ತದೆ. ಸರಿ ಬರದಿದ್ದರೆ ಕಿರುಬೆರಳನ್ನು ಅವಳ ಬಾಯಿಯ ಮೂಲೆಗೆ ಹಾಕಿ ಬಿಡಿಸಿ ಮತ್ತೆ ಹಿಡಿಸು. ಹತ್ತು ಸಲ ಆದರೂ ಬೇಜಾರು ಮಾಡಿಕೋಬೇಡ. ಹಾಲು ಜೋರಾಗಿ ಬಂದು ಕೆಮ್ಮಿದರೆ ನೀನು ಹಿಂದಕ್ಕೆ ಒರಗಿ ಅವಳನ್ನು ಮೇಲೆ ಮಲಗಿಸಿಕೊಂಡು ಕುಡಿಸು. ಒಂದು ಕಡೆ ಪೂರ್ತಿ ಆದ ಮೇಲೆ ಇನ್ನೊಂದು ಕಡೆ.

ತೇಗು ಬರಿಸು, ಬರದಿದ್ದರೆ ಅರ್ಧ ಗಂಟೆ ತಟ್ಟುತ್ತಾ ಕೂರಬೇಡ. ಸ್ವಲ್ಪ ಹೊತ್ತು ಹೆಗಲ ಮೇಲೆ ನೇರವಾಗಿ ಇಟ್ಟುಕೊಂಡರೆ ಸಾಕು. ಬಾಯಿಯ ಪಕ್ಕದಲ್ಲಿ ಒಂದಿಷ್ಟು ಹಾಲು ಕಕ್ಕಿದರೆ ಒರೆಸಿಬಿಡು, ಹೊಟ್ಟೆಯ ಮೇಲಿನ ಬಾಗಿಲು ಈ ವಯಸ್ಸಿನಲ್ಲಿ ಇನ್ನೂ ಸಡಿಲ. ಮುಕ್ಕಿ ಮುಕ್ಕಿ ಕೆಂಪಾಗಿ ಕೊನೆಗೆ ಮೆತ್ತಗೆ ಕಕ್ಕ ಮಾಡಿದರೆ ಅದು ಮಲಬದ್ಧತೆ ಅಲ್ಲ, ಮುಕ್ಕುವುದನ್ನೂ ಕೆಳಗೆ ಸಡಿಲ ಬಿಡುವುದನ್ನೂ ಒಟ್ಟಿಗೆ ಮಾಡೋಕೆ ಅವಳಿನ್ನೂ ಕಲಿಯುತ್ತಿದ್ದಾಳೆ.

ನಿಮ್ಮತ್ತೆ ಗ್ರೈಪ್ ವಾಟರ್ ತರಿಸಿದ್ದಾರೆ ಅಂದೆ. ಅವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ, ಅವರ ಜೊತೆ ವಾದ ಮಾಡಬೇಡ, ಡಾಕ್ಟರು ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅಂದಿದ್ದಾರೆ ಅಂತ ಹೇಳು. ಅದು ನಿಜವೂ ಹೌದು. ಗ್ರೈಪ್ ವಾಟರ್ ಇಂಗ್ಲೆಂಡಿನಲ್ಲಿ 1850ರ ದಶಕದಲ್ಲಿ ಶುರುವಾಗಿದ್ದು, ಹಳೆಯದರಲ್ಲಿ ಆಲ್ಕೋಹಾಲೂ ಸಕ್ಕರೆಯೂ ಇರುತ್ತಿತ್ತು. ಈಗ ಆಲ್ಕೋಹಾಲ್ ಇಲ್ಲದೇ ಬರುತ್ತದೆ, ಆದರೆ ಇದರಿಂದ ಅಳು ನಿಲ್ಲುತ್ತದೆ ಅನ್ನೋಕೆ ಆಧಾರ ಇಲ್ಲ. ಬಜೆ ತೇಯ್ದು ನೆಕ್ಕಿಸುವುದು, ಹರಳೆಣ್ಣೆ, ಸಕ್ಕರೆ ನೀರು ಯಾವುದೂ ಬೇಡ. ಜೇನುತುಪ್ಪ ಅಂತೂ ಒಂದು ವರ್ಷದವರೆಗೆ ನಾಲಿಗೆಗೂ ತಾಗಿಸಬೇಡ, ಅದರಿಂದ ಬರುವ ಬಾಟ್ಯುಲಿಸಂ ಅನ್ನುವ ಕಾಯಿಲೆ ಎಳೆ ಮಕ್ಕಳಿಗೆ ಅಪಾಯ. ಅಜ್ಜಿ ಮಲಗಿದಲ್ಲಿಂದಲೇ "ಹೊಕ್ಕುಳ ಸುತ್ತ ಇಂಗು ಹಚ್ಚೋಕೆ ಹೇಳೇ" ಅಂತ ಎರಡು ಸಲ ಹೇಳಿದರು. ಹಚ್ಚಬೇಡ, ಎಳೆ ಚರ್ಮ ಉರಿಯುತ್ತದೆ. ಅಜ್ಜಿಗೆ ನಾನು ಹೇಳಿಕೊಳ್ಳುತ್ತೇನೆ.

ನೀನು ನೀರು ಕುಡಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ ಅಂತ ನನಗೆ ದಿನಕ್ಕೆ ಎರಡು ಲೋಟ ಅಳೆದು ಕೊಡುತ್ತಿದ್ದರು, ಬಾಯಿ ಒಣಗಿ ಬಚ್ಚಲಿಗೆ ಹೋದಾಗ ಕದ್ದು ಕುಡಿದಿದ್ದೇನೆ. ಬಾಯಾರಿದಾಗೆಲ್ಲ ಕುಡಿ. ಸೊಪ್ಪು, ಬೇಳೆ, ಮೊಟ್ಟೆ ತಿನ್ನು. ನಿನ್ನ ಹೊಟ್ಟೆಯ ಗ್ಯಾಸ್ ಹಾಲಿನಲ್ಲಿ ಇಳಿದು ಅವಳಿಗೆ ಹೋಗಲ್ಲ. ಕೆಲವು ಮಕ್ಕಳಿಗೆ ಮಾತ್ರ ತಾಯಿ ಕುಡಿದ ದನದ ಹಾಲು ಒಗ್ಗಲ್ಲ, ಅಂಥವರ ಕಕ್ಕದಲ್ಲಿ ರಕ್ತದ ಎಳೆ ಕಾಣಿಸಬಹುದು. ಅವಳಿಗೆ ಅದಿಲ್ಲ, ಸುಮ್ನೆ ಹಾಲು ಮೊಸರು ಬಿಡಬೇಡ.

ಅಳು ಶುರುವಾದಾಗ ಏನು ಮಾಡೋದು ಅಂದರೆ, ಅಳಿಯಂದಿರು ಹತ್ತನೇ ರಾತ್ರಿ ಮಾಡಿದರಲ್ಲ, ಅದನ್ನೇ ಮಾಡು. ಬಾಲ್ಕನಿಯಲ್ಲಿ ಅವಳನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡರು. ಕೆನ್ನೆ ಮೊಣಕೈ ಹತ್ತಿರ, ಕಾಲೆರಡೂ ಎರಡು ಕಡೆ ಜೋತು ಬಿದ್ದಿದ್ದವು, ಇನ್ನೊಂದು ಅಂಗೈ ಬೆನ್ನ ಮೇಲೆ. ಏನೂ ಮಾತಾಡದೆ ನಿಧಾನವಾಗಿ ತೂಗುತ್ತಾ ನಿಂತಿದ್ದರು. ಜೊಲ್ಲು ಅವರ ಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕಾಲು ಗಂಟೆಗೆ ಅವಳ ಮುಷ್ಟಿ ಬಿಚ್ಚಿಕೊಂಡಿತು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. 1994ರಲ್ಲಿ ನಿಮ್ಮಪ್ಪನ ಕೈಗೆ ನಿನ್ನನ್ನು ಹೀಗೆ ಕೊಡಬಹುದು ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಇಲ್ಲವೇ ಅವಳ ಬಟ್ಟೆ ತೆಗೆದು ನಿನ್ನ ಬರಿ ಎದೆಯ ಮೇಲೆ ಹಾಕಿಕೊಂಡು ಮೇಲೆ ಸೀರೆ ಹೊದ್ದುಕೋ. ಎಚ್ಚರವಾಗಿ ಖುಷಿಯಾಗಿರುವಾಗ ಕಾಲುಗಳನ್ನು ಸೈಕಲ್ ತುಳಿಸಿದ ಹಾಗೆ ಆಡಿಸು. ಮಲಗಿಸುವಾಗ ಮಾತ್ರ ಯಾವಾಗಲೂ ಅಂಗಾತ.

ಒಂದೊಂದು ದಿನ ಏನು ಮಾಡಿದರೂ ನಿಲ್ಲಲ್ಲ. ಆಗ ನಿನಗೆ ತಡೆಯೋಕೆ ಆಗದಷ್ಟು ಸಿಟ್ಟು ಬರಬಹುದು. ನನಗೂ ಬಂದಿತ್ತು. ಅವಳನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹೊರಗೆ ಹೋಗಿ ಐದು ನಿಮಿಷ ಕೂತು ಬಾ. ಅಷ್ಟು ಹೊತ್ತು ಅತ್ತರೆ ಅವಳಿಗೆ ಏನೂ ಆಗಲ್ಲ. ಎಷ್ಟೇ ಸಿಟ್ಟು ಬಂದರೂ ಕೂಸನ್ನು ಅಲುಗಾಡಿಸಬಾರದು, ಮೆದುಳಿಗೆ ಪೆಟ್ಟಾಗುತ್ತದೆ.

ಇದನ್ನು ಮಾತ್ರ ಎಚ್ಚರವಾಗಿ ಓದು. ಹಸಿರು ಬಣ್ಣದ ವಾಂತಿ ಆದರೆ, ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವ ಹಾಗೆ ವಾಂತಿ ಮಾಡಿದರೆ, ಕಕ್ಕದಲ್ಲಿ ರಕ್ತ ಕಂಡರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಕುಡಿಯೋಕೆ ಏಳದೆ ಮಂಕಾಗಿ ಮಲಗಿಬಿಟ್ಟರೆ, ಉಚ್ಚೆ ಕಮ್ಮಿ ಆದರೆ, ಹೊಟ್ಟೆ ಉಬ್ಬಿ ಅಳು ನಿಂತ ಮೇಲೂ ಗಟ್ಟಿಯಾಗೇ ಇದ್ದರೆ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗು. ನನ್ನನ್ನೂ ಕೇಳಬೇಡ, ಮೊದಲು ಹೊರಡು.

ಅಜ್ಜಿಯ ಹೊಲಿಗೆ ಬಿಚ್ಚುವುದು ಬರುವ ಗುರುವಾರ. ನಿಮ್ಮ ಚಿಕ್ಕಮ್ಮ ಇಲ್ಲಿಗೆ ಬಂದು ಇರುತ್ತೇನೆ ಅಂದಿದ್ದಾಳೆ, ಶುಕ್ರವಾರದ ಬೆಳಗಿನ ರೈಲಿಗೆ ನಾನು ಹೊರಡುತ್ತೇನೆ. ಹಳೇ ಹತ್ತಿ ಸೀರೆ ಎರಡನ್ನು ಬಿಸಿನೀರಲ್ಲಿ ಒಗೆದು ಹರಿದು ಚೌಕ ಮಾಡಿಟ್ಟಿದ್ದೇನೆ, ಕಕ್ಕಿದ್ದು ಒರೆಸೋಕೆ. ಅಲ್ಲಿಯವರೆಗೆ ಸಂಜೆ ಅಡುಗೆಮನೆ ಕಡೆ ಹೋಗಬೇಡ, ಮಧ್ಯಾಹ್ನ ಅವಳು ಮಲಗಿದಾಗ ನೀನೂ ಮಲಗು. ರಾತ್ರಿ ಎಷ್ಟೊತ್ತಾದರೂ ಫೋನ್ ಮಾಡು. ಮಾತಾಡೋಕೆ ಆಗದಿದ್ದರೆ ಪಕ್ಕದಲ್ಲಿ ಇಟ್ಟುಕೊಂಡು ಸುಮ್ಮನಿರು, ಅವಳು ಅಳುವುದು ನನಗೂ ಕೇಳಿಸಲಿ.

ನಿನ್ನ
ಅಮ್ಮ